ಮನೆಯಿಲ್ಲದವರ ಬಳಗ



ನಮ್ಮ ಕಡೆಯ ಹಳ್ಳಿಗಳಲ್ಲಿ ಅಪರಿಚಿತ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಹಿರಿಯರು ಅವನ ಹೆಸರನ್ನು ಮೊದಲು ಕೇಳುವುದಿಲ್ಲ. "ಯಾರ ಮಗನಪಾ ನೀ? ಯಾವೂರು?" ಎಂದು ಕೇಳುತ್ತಾರೆ. ಹುಡುಗನು ತನ್ನ ತಂದೆಯ ಹೆಸರನ್ನೋ ಅಜ್ಜನ ಹೆಸರನ್ನೋ ಹೇಳಿದೊಡನೆ "ಹೌದಾ, ಅವರ ಪೈಕಿ ಏನು? ಬಾ, ಕೂಡು" ಎನ್ನುತ್ತಾರೆ. ಒಂದು ಮಾತಿನಿಂದ ಆ ಹುಡುಗನಿಗೆ ಊರಿನಲ್ಲಿ ಒಂದು ಸ್ಥಾನ ದೊರೆಯುತ್ತದೆ. ಈ ಪ್ರಶ್ನೆಗೆ ಉತ್ತರವೇ ಇಲ್ಲದ ಮಕ್ಕಳ ಗತಿಯೇನು? ಅವರು ಯಾರ ಪೈಕಿ ಆಗುತ್ತಾರೆ? ಈ ವಿಷಯವನ್ನು ಕುರಿತು ಈ ಸಲದ ಸಂಚಿಕೆಯಲ್ಲಿ ಸ್ವಲ್ಪ ವಿಚಾರ ಮಾಡೋಣ.

ನಾವು ಭಾಷೆಯ ಅಧ್ಯಾಪಕರಾದುದರಿಂದ ಶಬ್ದಗಳಿಂದಲೇ ಆರಂಭಿಸುತ್ತೇವೆ. ನೆಲೆಗೆಟ್ಟ ಮಗುವಿಗೆ ನಮ್ಮ ಭಾಷೆಯಲ್ಲಿ ಎಷ್ಟು ಹೆಸರುಗಳಿವೆ ನೋಡಿರಿ. ಅನಾಥ ಎಂದರೆ ನಾಥನಿಲ್ಲದವನು, ಕಾಯುವವರಿಲ್ಲದವನು. ದಿಕ್ಕಿಲ್ಲದವನು ಎಂದರೆ ಆಸರೆಗೆಂದು ಯಾವ ಕಡೆಗೂ ಮುಖ ಮಾಡಲಾರದವನು. ಪರದೇಶಿ ಎಂದರೆ ಮೂಲತಃ ಬೇರೆ ನಾಡಿನವನು. ಆದರೆ "ಪರದೇಶಿ ಕೂಸು" ಎಂದು ನಾವು ಮರುಗುವಾಗ ಆ ಕೂಸಿಗೆ ತನ್ನವರೆಂಬವರು ಇಲ್ಲವೆಂದೇ ಅರ್ಥ. ಹೇಳುವವರಿಲ್ಲ, ಕೇಳುವವರಿಲ್ಲ ಎಂಬ ಮಾತಂತೂ ಎಲ್ಲರಿಗೂ ಗೊತ್ತು. ನೆರೆಯ ಮರಾಠಿಯ 'ಪೋರಕಾ' ಎಂಬ ಶಬ್ದವೂ ಇದನ್ನೇ ಹೇಳುತ್ತದೆ. ಬೀದಿಯಲ್ಲಿ ಬೈಗುಳವಾಗಿ ಕೇಳಿಬರುವ 'ಬೇವಾರಸಿ' ಎಂಬ ಶಬ್ದಕ್ಕೂ ವಾರಸುದಾರರಿಲ್ಲದ್ದು ಎಂದಷ್ಟೇ ಮೂಲಾರ್ಥ. ಗಮನಿಸಬೇಕಾದ ಸಂಗತಿಯೆಂದರೆ, ಈ ಶಬ್ದಗಳಲ್ಲಿ ಒಂದಾದರೂ ಗೋಡೆಯನ್ನಾಗಲಿ ಮಾಳಿಗೆಯನ್ನಾಗಲಿ ಹೆಸರಿಸುವುದಿಲ್ಲ. ಎಲ್ಲವೂ ಮನುಷ್ಯರ ಕೊರತೆಯನ್ನೇ ಹೇಳುತ್ತವೆ. ಮನೆಯಿಲ್ಲದಿರುವುದು ಎಂದರೆ ಮೊದಲಿಗೆ ತನ್ನವರಿಲ್ಲದಿರುವುದು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಆದರೆ ಅದೇ ಕೊರತೆಯನ್ನು ನಾವು ಬೈಗುಳವನ್ನಾಗಿಯೂ ಮಾಡಿಕೊಂಡೆವು. ಕೈಹಿಡಿಯುವವರಿಲ್ಲದ ಮಗುವನ್ನು ಅದೇ ಕಾರಣಕ್ಕಾಗಿ ಹೀಯಾಳಿಸುವುದು ಎಂಥ ನ್ಯಾಯ?

ಇವರು ಯಾರು?

2011 ರ ಜನಗಣತಿಯ ಕಾಲದಲ್ಲಿ ಫೆಬ್ರುವರಿ 28 ರ ರಾತ್ರಿ ಗಣತಿದಾರರು ಪಾದಚಾರಿ ರಸ್ತೆ, ರೈಲು ನಿಲ್ದಾಣ, ಸೇತುವೆಯ ಕೆಳಭಾಗ, ಗುಡಿಯ ಕಟ್ಟೆ ಮುಂತಾದ ಕಡೆಗಳಲ್ಲಿ ಸಂಚರಿಸಿ ವಸತಿಹೀನರನ್ನು ಎಣಿಸಿದರು. ದೇಶದಲ್ಲಿ ಒಟ್ಟು 17,73,040 ಜನರು ಸೂರಿಲ್ಲದೆ ಮಲಗಿದ್ದರೆಂದು ಆಗ ಲೆಕ್ಕ ಸಿಕ್ಕಿತು. ಅವರಲ್ಲಿ 9,38,348 ಜನ ಪಟ್ಟಣಗಳಲ್ಲಿದ್ದರು. ಉಳಿದ 8,34,692 ಜನ ಗ್ರಾಮೀಣ ಭಾಗದವರು. ಒಂದು ಕಡೆ ನಿಲ್ಲದೆ ಅಲೆಯುವವರನ್ನು ಒಂದೇ ರಾತ್ರಿಯಲ್ಲಿ ಎಣಿಸುವುದು ಸುಲಭವಲ್ಲ. ಪೊಲೀಸರಿಗೆ ಹೆದರಿ ಅಡಗಿ ಮಲಗುವ ಮಕ್ಕಳಂತೂ ಇಂಥ ಲೆಕ್ಕಕ್ಕೆ ಸುಲಭವಾಗಿ ಸಿಗುವವರಲ್ಲ.

ಬೀದಿಯ ಮಕ್ಕಳಲ್ಲಿಯೂ ಮೂರು ಬಗೆಯವರಿದ್ದಾರೆ. ಹಗಲೆಲ್ಲ ಬೀದಿಯಲ್ಲಿ ದುಡಿದು ರಾತ್ರಿ ತಮ್ಮ ಗುಡಿಸಲಿಗೆ ಮರಳುವವರು ಮೊದಲನೆಯವರು. ತಂದೆತಾಯಿಗಳ ಜೊತೆಯಲ್ಲಿಯೇ ಪಾದಚಾರಿ ರಸ್ತೆಯ ಮೇಲೆ ಸಂಸಾರ ಹೂಡಿದವರು ಎರಡನೆಯವರು. ಮನೆಯವರ ಸಂಪರ್ಕವೇ ಕಡಿದುಹೋಗಿ ಒಂಟಿಯಾಗಿಯೋ ಗೆಳೆಯರೊಡನೆಯೋ ಬದುಕುವವರು ಮೂರನೆಯವರು. ಈ ಮೂರನೆಯವರ ಸಂಖ್ಯೆ ಉಳಿದವರಿಗಿಂತ ಕಡಿಮೆ; ಕಷ್ಟ ಮಾತ್ರ ಎಲ್ಲರಿಗಿಂತ ಹೆಚ್ಚು.

ಸಂಯುಕ್ತ ರಾಷ್ಟ್ರಗಳ ಮಕ್ಕಳ ಹಕ್ಕುಗಳ ಸಮಿತಿಯು 2017 ರಲ್ಲಿ ಇಂಥ ಮಕ್ಕಳ ಬಗ್ಗೆಯೇ ಒಂದು ವಿಸ್ತಾರವಾದ ಮಾರ್ಗದರ್ಶಿ ಟಿಪ್ಪಣಿಯನ್ನು ಹೊರಡಿಸಿತು. ಅದು ಸಮಿತಿಯ 21 ನೆಯ ಟಿಪ್ಪಣಿ. ಅದನ್ನು ಸಿದ್ಧಪಡಿಸುವಾಗ 32 ದೇಶಗಳ 327 ಮಕ್ಕಳ ಮತ್ತು ಯುವಕರ ಅಭಿಪ್ರಾಯಗಳನ್ನು ಕೇಳಲಾಯಿತು. ಬೀದಿಯಲ್ಲಿ ಮಲಗುವವರನ್ನಷ್ಟೇ ಅಲ್ಲದೆ, ಬೀದಿಯೊಡನೆ ಗಟ್ಟಿಯಾದ ನಂಟು ಬೆಳೆಸಿಕೊಂಡು, ತಾವು ಯಾರೆಂಬುದನ್ನೇ ಬೀದಿಯ ಮೂಲಕ ಗುರುತಿಸಿಕೊಳ್ಳುವ ಮಕ್ಕಳನ್ನೂ ಆ ಟಿಪ್ಪಣಿ ಲೆಕ್ಕಕ್ಕೆ ತೆಗೆದುಕೊಂಡಿದೆ. ಬೀದಿಯೊಡನೆ ನಂಟು! ಈ ಮಾತು ಮೊದಲಿಗೆ ವಿಚಿತ್ರವೆನಿಸಬಹುದು. ಮುಂದೆ ಓದಿದರೆ ಅದರ ಅರ್ಥ ತಿಳಿಯುತ್ತದೆ.

ಮನೆ ಬಿಡುವುದು ಏಕೆ?

ನಮ್ಮ ಅಕ್ಕಲಕೋಟೆ ರೋಡ್ ನಿಲ್ದಾಣದಲ್ಲಿ ಒಂದು ತಾಸು ಕುಳಿತು ನೋಡಿರಿ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ, ರಾಯಚೂರು, ಗುಂತಕಲ್ಲುಗಳನ್ನು ದಾಟಿ ದಕ್ಷಿಣಕ್ಕೆ ಹೋಗುವ ಗಾಡಿಗಳೂ ಅಲ್ಲಿಂದ ಮರಳುವ ಗಾಡಿಗಳೂ ಈ ಹಳಿಯ ಮೇಲೆಯೇ ಓಡುತ್ತವೆ. ಹೋಟಗಿಯಲ್ಲಿ ವಿಜಯಪುರ, ಗದಗಗಳ ಹಾದಿ ಕೂಡುತ್ತದೆ. ಟಿಕೀಟಿಲ್ಲದೆ ಒಂದು ಡಬ್ಬಿ ಹತ್ತಿದ ಹುಡುಗನು ಬೆಳಗಾಗುವುದರೊಳಗೆ ದಾದರದಲ್ಲಿ ಇಳಿಯಬಹುದು. ಮನೆ ಬಿಟ್ಟ ಮಕ್ಕಳಿಗೂ ರೈಲು ನಿಲ್ದಾಣಕ್ಕೂ ಇರುವ ಸಂಬಂಧ ಇದೇ. ರೈಲ್ವೆ ರಕ್ಷಣಾ ದಳವು 'ನನ್ಹೇ ಫರಿಶ್ತೇ' ಎಂಬ ಕಾರ್ಯಾಚರಣೆಯಲ್ಲಿ 2018 ರಿಂದ 2024 ರ ಮೇ ತಿಂಗಳವರೆಗೆ ನಿಲ್ದಾಣಗಳಲ್ಲಿಯೂ ಗಾಡಿಗಳಲ್ಲಿಯೂ 84 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ರಕ್ಷಿಸಿತು. ಅವರಲ್ಲಿ ಬಹಳಷ್ಟು ಮಕ್ಕಳು ಮನೆ ಬಿಟ್ಟು ಬಂದವರೇ.

ಇವರು ಮನೆ ಬಿಡುವುದಕ್ಕೆ ಬಡತನವೊಂದೇ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬಡವರ ಮನೆಯ ಮಕ್ಕಳೆಲ್ಲರೂ ಓಡಿಹೋಗುವುದಿಲ್ಲವಷ್ಟೆ? ಕುಡಿದು ಬಂದು ಹೊಡೆಯುವ ತಂದೆ, ತಾಯಿ ತೀರಿಕೊಂಡ ಮೇಲೆ ಬದಲಾದ ಮನೆ, ಎಳೆಯ ವಯಸ್ಸಿನಲ್ಲಿಯೇ ಹೆಗಲೇರಿದ ದುಡಿಮೆ, ಶಾಲೆಯಲ್ಲಿ ಛಡಿ ಏಟು, ಪರೀಕ್ಷೆಯಲ್ಲಿ ನಪಾಸಾದ ನಾಚಿಕೆ, ಬಾಲ್ಯವಿವಾಹದ ಭಯ, ಹೇಳಿಕೊಳ್ಳಲಾಗದಂಥ ದೌರ್ಜನ್ಯ ಇವೆಲ್ಲ ಕಾರಣಗಳಾಗುತ್ತವೆ. ಒಮ್ಮೊಮ್ಮೆ ಕಾರಣ ತೀರ ಸಣ್ಣದು: ಹತ್ತು ರೂಪಾಯಿ ಕಳೆದದ್ದು, ಒಂದು ಬೈಗುಳ, ಮುಂಬಯಿ ನೋಡಬೇಕೆಂಬ ಹುಚ್ಚು. ಈ ಎಲ್ಲ ಕಾರಣಗಳ ಹಿಂದೆ ಒಂದು ಸಮಾನ ಎಳೆ ಆಗಾಗ ಕಾಣುತ್ತದೆ. ಮನೆಯ ಗೋಡೆಗಳು ನಿಂತಿರುವಾಗಲೇ ಮಗುವಿಗೆ "ಇಲ್ಲಿ ನನ್ನನ್ನು ಕೇಳುವವರಿಲ್ಲ" ಎನಿಸಿರುತ್ತದೆ. ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ ಎಂಬ ಗಾದೆಯನ್ನು ಮುದುಕರ ವಿಷಯಕ್ಕೆ ಹೇಳುವುದು ರೂಢಿ. ಈ ಮಕ್ಕಳಿಗೆ ಮನೆ ಹೋಗು ಅನ್ನುತ್ತದೆ, ರೈಲು ಬಾ ಅನ್ನುತ್ತದೆ.

ಬೀದಿಯಲ್ಲಿ ಬಳಗ ಕಟ್ಟುವ ಬಗೆ

ತನ್ನೂರಲ್ಲಿ ರಂಗ, ಪರೂರಲ್ಲಿ ಮಂಗ. ದೊಡ್ಡ ನಿಲ್ದಾಣದಲ್ಲಿ ಇಳಿದ ಹುಡುಗನಿಗೆ ಈ ಗಾದೆಯ ಅರ್ಥ ಮೊದಲ ತಾಸಿನಲ್ಲಿಯೇ ತಿಳಿಯುತ್ತದೆ. ಎಲ್ಲಿ ಕೂಡಬೇಕು, ಯಾರಿಗೆ ಹೆದರಬೇಕು, ನೀರು ಎಲ್ಲಿ, ಅನ್ನ ಎಲ್ಲಿ, ಒಂದೂ ಗೊತ್ತಿಲ್ಲ. ಆಗ ಅವನ ಹತ್ತಿರ ಯಾರು ಮೊದಲು ಬರುತ್ತಾರೆ ಎಂಬುದರ ಮೇಲೆ ಅವನ ಮುಂದಿನ ಬಾಳೇ ನಿಂತಿದೆ ಎಂದರೆ ಅತಿಶಯೋಕ್ತಿಯಲ್ಲ. ಒಳ್ಳೆಯವರು ಬಂದರೆ ಒಂದು ದಾರಿ, ದಲ್ಲಾಳಿ ಬಂದರೆ ಇನ್ನೊಂದು ದಾರಿ. ಇವರಿಬ್ಬರೂ ಬರದಿದ್ದರೆ, ತಿಂಗಳ ಹಿಂದೆ ಹೀಗೆಯೇ ಇಳಿದಿದ್ದ ಮತ್ತೊಬ್ಬ ಹುಡುಗ ಬರುತ್ತಾನೆ.

ಆ ಹುಡುಗ ಹೊಸಬನನ್ನು ತನ್ನ ಗುಂಪಿಗೆ ಸೇರಿಸುತ್ತಾನೆ. ಅಲ್ಲಿ ಅವನಿಗೊಂದು ಹೊಸ ಹೆಸರು ಹುಟ್ಟುತ್ತದೆ. ಬಂದ ಊರಿನಿಂದಲೋ, ಮೈಬಣ್ಣದಿಂದಲೋ, ಯಾವುದೋ ಸಿನೆಮಾ ನಟನಿಂದಲೋ ಆ ಹೆಸರು ಬಂದಿರುತ್ತದೆ. ಯಾವ ಗಾಡಿಯಲ್ಲಿ ಖಾಲಿ ಬಾಟಲಿ ಹೆಚ್ಚು ಸಿಗುತ್ತವೆ, ಯಾವ ಹೊಟೇಲಿನವರು ರಾತ್ರಿ ಉಳಿದ ಅನ್ನ ಕೊಡುತ್ತಾರೆ, ಯಾವ ಪೊಲೀಸರು ಒಳ್ಳೆಯವರು ಎಂಬ ಪಾಠಗಳಾಗುತ್ತವೆ. ಗುಂಪಿಗೆ ತನ್ನವೇ ಆದ ಕಟ್ಟಳೆಗಳಿರುತ್ತವೆ. ಸಿಕ್ಕದ್ದನ್ನು ಹಂಚಿ ತಿನ್ನಬೇಕು. ಗೆಳೆಯನಿಗೆ ಜ್ವರ ಬಂದರೆ ಅಂದು ಅವನ ಊಟ ಉಳಿದವರ ಹೊಣೆ. ಒಬ್ಬನು ಸಿಕ್ಕಿಬಿದ್ದರೆ ಮತ್ತೊಬ್ಬನ ಹೆಸರು ಹೇಳಬಾರದು. ಹಿರಿಯ ಹುಡುಗನು ಅಣ್ಣನಾಗುತ್ತಾನೆ. ರಾತ್ರಿ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುತ್ತಾರೆ. ಚಳಿಗೆ ಅದೇ ಹೊದಿಕೆ, ಭಯಕ್ಕೂ ಅದೇ ಕಾವಲು.

ಅಧ್ಯಾಪಕರ ತರಬೇತಿಯಲ್ಲಿ ನಾವೆಲ್ಲರೂ ಮ್ಯಾಸ್ಲೊ ಎಂಬ ಮನಃಶಾಸ್ತ್ರಜ್ಞನ ವಿಚಾರವನ್ನು ಓದಿರುತ್ತೇವೆ. 1943 ರಲ್ಲಿ ಆತನು ಮನುಷ್ಯನ ಅವಶ್ಯಕತೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ತೋರಿಸಿದನು. ಮೊದಲು ಅನ್ನ ನೀರು, ಆಮೇಲೆ ಸುರಕ್ಷಿತತೆ, ಮೂರನೆಯದಾಗಿ ಪ್ರೀತಿ ಹಾಗೂ ತಾನು ಒಂದು ಬಳಗಕ್ಕೆ ಸೇರಿದವನೆಂಬ ಭಾವನೆ, ಅನಂತರ ಗೌರವ, ಕೊನೆಗೆ ತನ್ನ ಶಕ್ತಿಯ ಪೂರ್ಣ ವಿಕಾಸ. ಬೀದಿಯ ಮಕ್ಕಳನ್ನು ನೋಡಿದರೆ ಈ ಮೆಟ್ಟಿಲುಗಳು ಒಂದರ ಮೇಲೊಂದು ಇರುವಂತೆ ಕಾಣುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡಂತೆ ಕಾಣುತ್ತವೆ. ಅಲ್ಲಿ ಬಳಗವಿಲ್ಲದವನಿಗೆ ಅನ್ನವೂ ಇಲ್ಲ, ರಕ್ಷಣೆಯೂ ಇಲ್ಲ. ಮೂರನೆಯ ಮೆಟ್ಟಿಲನ್ನು ಹತ್ತಿದವನೇ ಮೊದಲನೆಯ ಮೆಟ್ಟಿಲಲ್ಲಿ ನಿಲ್ಲಬಲ್ಲನು. 1995 ರಲ್ಲಿ ಬೌಮೈಸ್ಟರ್ ಮತ್ತು ಲಿಯರಿ ಎಂಬ ಇಬ್ಬರು ವಿದ್ವಾಂಸರು, ತನ್ನವರೊಡನೆ ಆಗಾಗ ಕೂಡುವ, ಬಹುಕಾಲ ಬಾಳುವ ಸಂಬಂಧವು ಮನುಷ್ಯನ ಮೂಲಭೂತ ಅವಶ್ಯಕತೆಯೇ ಆಗಿದೆಯೆಂದು ಪ್ರತಿಪಾದಿಸಿದರು. ಫಲಾಟಿನ ಮೇಲೆ ಒಂದು ಬನ್ನನ್ನು ನಾಲ್ಕು ತುಂಡು ಮಾಡುವ ಹುಡುಗನು ಇವರ ಲೇಖನವನ್ನು ಓದಿಲ್ಲ. ಆದರೂ ಆ ಸತ್ಯ ಅವನಿಗೆ ಗೊತ್ತು.

ಬಳಗದ ಎರಡು ಮುಖ

ಇಷ್ಟು ಓದಿ ಯಾರಾದರೂ ಬೀದಿಯ ಬಾಳು ಸೊಗಸಾದದ್ದೆಂದು ಭ್ರಮಿಸಬಾರದು. ಕಾಪಾಡುವ ಬಳಗವೇ ಕಟ್ಟಿಹಾಕುವ ಹಗ್ಗವೂ ಆಗುತ್ತದೆ. ಗುಂಪಿನವರೆಲ್ಲರೂ ಪಂಚರ್ ಹಚ್ಚುವ ಅಂಟನ್ನು ಬಟ್ಟೆಗೆ ಹಾಕಿ ಮೂಸಿದರೆ ಹೊಸಬನೂ ಮೂಸಲೇಬೇಕು. ಅದು ಹಸಿವನ್ನೂ ನೆನಪನ್ನೂ ಕೆಲವು ತಾಸು ಮರೆಸುತ್ತದೆ. ಮಿದುಳನ್ನೂ ಶ್ವಾಸಕೋಶವನ್ನೂ ಹಾಳುಮಾಡುತ್ತದೆ. ಅಣ್ಣನೆನಿಸಿಕೊಂಡವನು ಕಿರಿಯರ ಗಳಿಕೆಯನ್ನು ಕಸಿದುಕೊಳ್ಳುವುದುಂಟು, ಕಳವಿಗೆ ಕಳಿಸುವುದುಂಟು, ಅದಕ್ಕಿಂತ ಹೀನವಾದ ಅನ್ಯಾಯವನ್ನು ಮಾಡುವುದೂ ಉಂಟು. ಹೆಣ್ಣುಮಕ್ಕಳ ಗೋಳು ಇನ್ನೂ ಹೆಚ್ಚು. ಅವರು ನಿಲ್ದಾಣದಲ್ಲಿ ನಮಗೆ ಕಡಿಮೆ ಕಾಣುತ್ತಾರೆಂದರೆ ಕಡಿಮೆ ಇದ್ದಾರೆಂದು ಅರ್ಥವಲ್ಲ. ಬಲುಬೇಗ ಯಾರದೋ ಕೈಗೆ ಸಿಕ್ಕು ಕಣ್ಮರೆಯಾಗುತ್ತಾರೆ.

ಹಾಗಾದರೆ ಈ ಮಕ್ಕಳನ್ನು ಹಿಡಿದು ತಂದು ವಸತಿಗೃಹದಲ್ಲಿಟ್ಟು, ಹೊಟ್ಟೆ ತುಂಬ ಅನ್ನ, ಮೈತುಂಬ ಬಟ್ಟೆ ಕೊಟ್ಟರೆ ಸಾಲದೇ? ಸಾಲದೆಂದು ಅನುಭವ ಹೇಳುತ್ತದೆ. ಬಹಳ ವರ್ಷಗಳವರೆಗೆ ಹೀಗೆಯೇ ಮಾಡಲಾಯಿತು. ಎಷ್ಟೋ ಮಕ್ಕಳು ಗೋಡೆ ಹಾರಿ ಅದೇ ಫಲಾಟಿಗೆ ಮರಳಿದರು. ಜನರು ಅವರನ್ನು ಕೃತಘ್ನರೆಂದರು. ಸ್ವಲ್ಪ ಆಲೋಚಿಸಿರಿ: ಆ ಹುಡುಗನಿಗೆ ಅನ್ನ ಸಿಕ್ಕಿತು, ಅಣ್ಣನೆನ್ನುವವನು ಸಿಗಲಿಲ್ಲ. ಮಂಚ ಸಿಕ್ಕಿತು, ಪಕ್ಕದಲ್ಲಿ ಮಲಗುವ ಗೆಳೆಯ ಇಲ್ಲವಾದನು. ಫಲಾಟಿನ ಮೇಲೆ ಅವನಿಗೊಂದು ಹೆಸರಿತ್ತು. ಇಲ್ಲಿ ಒಂದು ಸಂಖ್ಯೆ ಬಂತು. ಅವನು ಓಡಿದ್ದು ಹಸಿವಿನ ಕಡೆಗಲ್ಲ, ತನ್ನವರ ಕಡೆಗೆ.

ಸಂಬಂಧದಿಂದಲೇ ಆರಂಭಿಸಿದವರು

ಈ ಗುಟ್ಟನ್ನು ಅರಿತವರು ನಮ್ಮ ದೇಶದಲ್ಲಿಯೇ ಹಲವರಿದ್ದಾರೆ. 1980 ರಲ್ಲಿ ಬೆಂಗಳೂರಿನಲ್ಲಿ ಬೀದಿಯ ಮಕ್ಕಳಿಗಾಗಿ 'ಬಾಸ್ಕೊ' ಎಂಬ ಸಂಸ್ಥೆ ಹುಟ್ಟಿತು. ಆ ಹೆಸರನ್ನು ಬಿಡಿಸಿದರೆ ಅಚ್ಚಗನ್ನಡವೇ ಹೊರಬೀಳುತ್ತದೆ: ಬೆಂಗಳೂರು ಓಣಿಯವರ ಸೇವಾ ಕೂಟ. ಓಣಿಯವರು ಎಂಬುದು ಎಷ್ಟು ಆಪ್ತವಾದ ಶಬ್ದ! ಅನಾಥರು ಎಂದರೆ ಯಾರೂ ಇಲ್ಲದವರು; ಓಣಿಯವರು ಎಂದರೆ ನಮ್ಮ ನೆರೆಯವರು. ಹೆಸರು ಬದಲಾದೊಡನೆ ನಮ್ಮ ನೋಟವೂ ಬದಲಾಗುತ್ತದೆ.

1988 ರಲ್ಲಿ ಮೀರಾ ನಾಯರ್ ಅವರ 'ಸಲಾಂ ಬಾಂಬೆ' ಎಂಬ ಚಲನಚಿತ್ರ ಬಂದಿತು. ಬೀದಿಯ ಮಕ್ಕಳೇ ಅದರಲ್ಲಿ ನಟಿಸಿದ್ದರು. ಆ ಚಿತ್ರದ ಗಳಿಕೆಯಿಂದ ಸಲಾಂ ಬಾಲಕ ಟ್ರಸ್ಟ್ ಹುಟ್ಟಿತು. ಪಶ್ಚಿಮ ಬಂಗಾಲದ ಪುರುಲಿಯಾದಿಂದ 1999 ರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಮನೆ ಬಿಟ್ಟು ದಿಲ್ಲಿಗೆ ಓಡಿಬಂದನು. ನಿಲ್ದಾಣದಲ್ಲಿ ಖಾಲಿ ಬಾಟಲಿಗಳನ್ನು ಆಯ್ದು, ನೀರು ತುಂಬಿ ಮಾರಿದನು. ಆಮೇಲೆ ಈ ಟ್ರಸ್ಟಿನ ಆಸರೆ ದೊರೆಯಿತು. ಅಲ್ಲಿ ಛಾಯಾಚಿತ್ರ ಕಲೆಯ ಮೇಲೆ ಮನಸ್ಸು ಹರಿಯಿತು. ಕ್ಯಾಮರಾ ಕೊಳ್ಳಲು ಸಂಸ್ಥೆಯೇ ಸಾಲ ಕೊಟ್ಟಿತು. ಛಾಯಾಗ್ರಾಹಕ ಅನಯ್ ಮಾನ್ ಅವರು ಸಹಾಯಕನನ್ನಾಗಿ ಇಟ್ಟುಕೊಂಡರು. 2007 ರಲ್ಲಿ ಬೀದಿಯ ಮಕ್ಕಳ ಬಾಳನ್ನು ತೋರಿಸುವ ಅವನ ಮೊದಲ ಪ್ರದರ್ಶನ ನಡೆಯಿತು. ಇಂದು ವಿಕ್ಕಿ ರಾಯ್ ಎಂಬ ಹೆಸರು ದೇಶವಿದೇಶಗಳಲ್ಲಿ ಪರಿಚಿತ. ಆ ಹುಡುಗನಲ್ಲಿ ಪ್ರತಿಭೆಯಿತ್ತೆಂಬುದು ನಿಜ. ಆದರೆ ಸಾಲ ಕೊಟ್ಟು ನಂಬಿದವರೂ ಕೆಲಸ ಕೊಟ್ಟು ಕಲಿಸಿದವರೂ ಇಲ್ಲದಿದ್ದರೆ ಆ ಪ್ರತಿಭೆ ಬಾಟಲಿ ಆಯುವುದರಲ್ಲಿಯೇ ಸವೆದುಹೋಗುತ್ತಿತ್ತು.

ದಿಲ್ಲಿಯ 'ಬಟರ್‌ಫ್ಲೈಸ್' ಸಂಸ್ಥೆಯವರು 2001 ರಲ್ಲಿ ಬೀದಿಯ ಮತ್ತು ದುಡಿಯುವ ಮಕ್ಕಳಿಗಾಗಿ ಒಂದು ಖಜಾನೆಯನ್ನು ಆರಂಭಿಸಿದರು. ಇದು ಮಕ್ಕಳದೇ ಬ್ಯಾಂಕು. ತಮ್ಮಲ್ಲಿಯೇ ಒಬ್ಬನನ್ನು ವ್ಯವಸ್ಥಾಪಕನನ್ನಾಗಿ ಆರಿಸುತ್ತಾರೆ. ಅವನು ಲೆಕ್ಕ ಬರೆಯುತ್ತಾನೆ. ರಾತ್ರಿ ಮಲಗಿದಾಗ ಕಳವಾಗುತ್ತಿದ್ದ ಐದು, ಹತ್ತು ರೂಪಾಯಿಗಳು ಅಲ್ಲಿ ಭದ್ರವಾಗಿರುತ್ತವೆ. ಹಣಕ್ಕಿಂತ ದೊಡ್ಡ ಲಾಭ ಮತ್ತೊಂದಿದೆ: ಯಾರೂ ನಂಬದ ಹುಡುಗನನ್ನು ಅವನ ಗೆಳೆಯರು ತಮ್ಮ ದುಡ್ಡು ಕೊಟ್ಟು ನಂಬುತ್ತಾರೆ.

ಅದೇ ದಿಲ್ಲಿಯಲ್ಲಿ 2003 ರಲ್ಲಿ 'ಬಾಲಕನಾಮಾ' ಎಂಬ ಪತ್ರಿಕೆ ಹೊರಟಿತು. ಸುದ್ದಿ ತರುವವರು, ಬರೆಯುವವರು, ಸಂಪಾದಕರು ಎಲ್ಲರೂ ಬೀದಿಯ ಮಕ್ಕಳೇ. ಬರೆಯಲು ಬಾರದವರೂ ಇದರಲ್ಲಿ ವರದಿಗಾರರು! ಅವರನ್ನು 'ಬಾತೂನಿ' ವರದಿಗಾರರೆಂದು ಕರೆಯುತ್ತಾರೆ, ಎಂದರೆ ಮಾತುಗಾರರು. ಅವರು ಬಾಯಿಂದ ಹೇಳುತ್ತಾರೆ, ಅಕ್ಷರ ಬಲ್ಲ ಗೆಳೆಯರು ಬರೆದುಕೊಳ್ಳುತ್ತಾರೆ. ಈ ವಾರ್ಷಿಕ ಸಂಚಿಕೆಗೆ ಲೇಖನ ಕೊಡಿರೆಂದು ನಾವು ಬೆನ್ನುಹತ್ತಿದಾಗ ತಪ್ಪಿಸಿಕೊಳ್ಳುವ ವಿದ್ಯಾರ್ಥಿಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು.

ನಮ್ಮ ಹಳಿಯ ಮೇಲೆಯೇ ಇರುವ ರಾಯಚೂರಿನಲ್ಲಿ 1992 ರಲ್ಲಿ 'ಸಾಥಿ' ಎಂಬ ಸಂಸ್ಥೆ ಆರಂಭವಾಯಿತು. ಸಾಥಿ ಎಂದರೆ ಜೊತೆಗಾರ. ನಿಲ್ದಾಣದಲ್ಲಿ ಇಳಿದ ಮಗುವನ್ನು ಬೀದಿಯ ಬಾಳು ನುಂಗುವ ಮೊದಲೇ ಮಾತನಾಡಿಸಿ, ಅದರ ಮನಸ್ಸು ತಿಳಿದು, ಮನೆಗೆ ಮುಟ್ಟಿಸುವುದು ಇವರ ಕೆಲಸ. ಬೀದಿಯಲ್ಲಿ ಬಹುಕಾಲ ಕಳೆದವರಿಗಾಗಿ ಕೆಲವು ವಾರಗಳ ಶಿಬಿರ ನಡೆಸುತ್ತಾರೆ. ಅಲ್ಲಿ ಆಟ, ಹಾಡು, ಕೆಲಸ, ಮಾತುಕತೆಗಳ ನಡುವೆ ಮಗುವಿಗೆ ಮನೆಯ ನೆನಪು ತಾನಾಗಿಯೇ ಮರುಕಳಿಸುತ್ತದೆ. ಕೊನೆಗೆ ತಂದೆತಾಯಿಗಳು ಬಂದು ಕರೆದೊಯ್ಯುತ್ತಾರೆ. ಗದರಿಸಿ ಕಳಿಸಿದ ಮಗು ಮತ್ತೆ ಓಡುತ್ತದೆ. ಮನಸ್ಸು ತಿರುಗಿ ಹೋದ ಮಗು ಮನೆಯಲ್ಲಿ ನಿಲ್ಲುತ್ತದೆ.

1098 ಎಂಬ ದೂರವಾಣಿ ಸಂಖ್ಯೆಯ ಕಥೆಯೂ ಹೀಗೆಯೇ ಇದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ 1996 ರಲ್ಲಿ ಜೆರೂ ಬಿಲಿಮೋರಿಯಾ ಅವರು ಈ ಸೇವೆಯನ್ನು ಆರಂಭಿಸಿದರು. ಸಂಕಟದಲ್ಲಿರುವ ಮಗುವಾಗಲಿ, ಮಗುವನ್ನು ಕಂಡವರಾಗಲಿ ಹಣವಿಲ್ಲದೆ ಕರೆಮಾಡಬಹುದು. ಹತ್ತು, ಒಂಬತ್ತು, ಎಂಟು ಎಂದು ಇಳಿಯುತ್ತ ಎಣಿಸಿದರೆ ಅಕ್ಷರ ಬಾರದ ಮಗುವಿಗೂ ನೆನಪಿರುತ್ತದೆ. ಹಿಂದಿಯಲ್ಲಿ ಮಕ್ಕಳು 'ದಸ್ ನೌ ಆಠ್' ಎನ್ನುತ್ತಾರೆ. 2023 ರಿಂದ ಈ ಸೇವೆಯನ್ನು ಸರಕಾರವೇ ನಡೆಸುತ್ತಿದೆ. ವಿದ್ಯಾರ್ಥಿಗಳೇ, ಈ ಸಂಖ್ಯೆಯನ್ನು ನಿಮ್ಮ ಪಾಠದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿರಿ.

ಕಾನೂನು ಏನು ಹೇಳುತ್ತದೆ?

2015 ರ ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆಯ ಪ್ರಕಾರ ಮನೆಯಿಲ್ಲದ ಮಗು ಅಪರಾಧಿಯಲ್ಲ; ಅದು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು. ಹೀಗೆ ಸಿಕ್ಕ ಮಗುವನ್ನು ಪ್ರಯಾಣದ ವೇಳೆ ಬಿಟ್ಟು 24 ತಾಸುಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಿರಬೇಕು. ಸಾಧ್ಯವಿದ್ದಷ್ಟು ಮಗುವನ್ನು ಕುಟುಂಬಕ್ಕೆ ಸೇರಿಸಬೇಕು, ವಸತಿಗೃಹವು ಕೊನೆಯ ಉಪಾಯವಾಗಿರಬೇಕು ಎಂಬುದು ಕಾಯಿದೆಯ ತತ್ವ.

2009 ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಜನ್ಮದಾಖಲೆ ಇಲ್ಲವೆಂದು 6 ರಿಂದ 14 ವರ್ಷದ ಯಾವ ಮಗುವಿಗೂ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದು. ನಡುವೆ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು.

ಇಲ್ಲಿ ಒಂದು ಕಠಿಣ ಘಟ್ಟವಿದೆ. ವಸತಿಗೃಹದಲ್ಲಿ ಬೆಳೆದವರು 18 ತುಂಬಿದೊಡನೆ ಹೊರಗೆ ಬರಬೇಕಾಗುತ್ತದೆ. ನಮ್ಮ ಮನೆಯ ಹುಡುಗನು ಹದಿನೆಂಟಕ್ಕೆ ಕಾಲೇಜಿಗೆ ಹೋದರೂ ದೀಪಾವಳಿಗೆ ಮರಳಲು ಮನೆಯಿರುತ್ತದೆ, ಕೈ ಖಾಲಿಯಾದರೆ ಕೇಳಲು ತಂದೆಯಿರುತ್ತಾನೆ. ಆ ಹುಡುಗನಿಗೆ? ಬಾಡಿಗೆ ಕೋಣೆ ಕೇಳಿದರೆ ಮಾಲಕನು ಮೊದಲು ಕೇಳುವುದು ಅದೇ ಹಳೆಯ ಪ್ರಶ್ನೆ: "ಯಾವೂರು? ಯಾರ ಪೈಕಿ?" ಅದಕ್ಕೆಂದೇ ಕಾಯಿದೆಯು 21 ವರ್ಷದವರೆಗೆ ಅನಂತರದ ಪಾಲನೆಯನ್ನು ಹೇಳಿದೆ. ಕಲಿಕೆ, ಕೆಲಸ, ವಸತಿಗಳಿಗೆ ನೆರವು ನೀಡಬಹುದು. ಆದರೆ ಹಬ್ಬಕ್ಕೆ ಕರೆಯುವವರನ್ನು ಯಾವ ಕಾಯಿದೆಯೂ ಒದಗಿಸಲಾರದು. ಅದು ಸಮಾಜದ ಕೆಲಸ, ನಮ್ಮ ನಿಮ್ಮ ಕೆಲಸ.

ನಮ್ಮ ಸುತ್ತಮುತ್ತಲೇ

ಇದೆಲ್ಲ ದಿಲ್ಲಿ, ಮುಂಬಯಿಗಳ ಮಾತೆಂದು ಪುಟ ತಿರುವಬೇಡಿರಿ. ಜತ್ತ, ಮಂಗಳವೇಢೆ, ಅಕ್ಕಲಕೋಟೆ ಸೀಮೆಯ ಬರದ ಹಳ್ಳಿಗಳಿಂದ ದೀಪಾವಳಿಯ ಹೊತ್ತಿಗೆ ಎಷ್ಟೋ ಕುಟುಂಬಗಳು ಮುಕ್ಕಾದಮನಿಂದ ಮುಂಗಡ ಪಡೆದು ಕಬ್ಬು ಕಡಿಯಲು ಹೊರಡುತ್ತವೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದು ಅವರು ಮರಳುವಾಗ ಯುಗಾದಿ ಹತ್ತಿರ ಬಂದಿರುತ್ತದೆ. ಅಷ್ಟು ದಿನ ಹೊಲದ ಬದಿಯಲ್ಲಿ ಹುಲ್ಲಿನ ಗುಡಿಸಲು. ಜೊತೆಗೆ ಹೋದ ಮಗುವಿಗೆ ತಂದೆತಾಯಿ ಇದ್ದಾರೆ, ಊರಿನಲ್ಲಿ ಮನೆಯೂ ಇದೆ. ಕಳೆದುಹೋಗುವುದು ಶಾಲೆಯ ಬಳಗ. ಮರಳಿ ಬಂದಾಗ ಪಾಠ ಮುಂದೆ ಹೋಗಿದೆ, ಬೆಂಚಿನ ಜಾಗದಲ್ಲಿ ಬೇರೊಬ್ಬ ಕುಳಿತಿದ್ದಾನೆ, ಕಬಡ್ಡಿಯ ತಂಡ ತುಂಬಿದೆ. ಹೀಗೆ ಎರಡು ವರ್ಷ ನಡೆದರೆ ಆ ಮಗು ಶಾಲೆಗೆ ಬರುವುದನ್ನೇ ಬಿಡುತ್ತದೆ. ದಾಖಲೆಯಲ್ಲಿ ಹೆಸರಿದೆ, ಬಳಗದಲ್ಲಿ ಇಲ್ಲ. ಬೀದಿಯ ದಾರಿ ಇಲ್ಲಿಂದಲೂ ಆರಂಭವಾಗುತ್ತದೆ.

ವಿದ್ಯಾರ್ಥಿಗಳೇ, ಇಲ್ಲಿ ನೀವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಹೋಗುವ ಗೆಳೆಯನಿಗೆ "ನಿನ್ನ ಜಾಗ ಇಟ್ಟಿರತೀವಿ" ಎಂದು ಹೇಳಿರಿ, ಹೇಳಿದಂತೆ ಇಡಿರಿ. ಅವನು ಬಂದ ದಿನ ನಿಮ್ಮ ವಹಿಗಳನ್ನು ಕೊಡಿರಿ. ಹೊಸದಾಗಿ ಸೇರಿದ ಮಗು ಊಟದ ಬಿಡುವಿನಲ್ಲಿ ಒಂಟಿಯಾಗಿ ಕುಳಿತರೆ ಬುತ್ತಿ ಹಿಡಿದು ಅದರ ಹತ್ತಿರ ಹೋಗಿರಿ. ಕನ್ನಡ ಮಾತನಾಡಿದರೆ ನಗುವವರ ನಡುವೆ ಇದ್ದು ಗೊತ್ತಿರುವ ಗಡಿಭಾಗದ ನಮಗೆ, ಹೊರಗಿನವನೆನಿಸಿಕೊಳ್ಳುವ ನೋವು ಬೇರೆಯವರು ಕಲಿಸಬೇಕಾದ ಪಾಠವಲ್ಲ. ಗೆಳೆಯನು ಓಡಿಹೋಗುವ ಮಾತಾಡಿದರೆ ಅದನ್ನು ಹುಡುಗಾಟವೆಂದು ಬಿಡಬೇಡಿರಿ, ಗುಟ್ಟೆಂದು ಮುಚ್ಚಿಡಲೂ ಬೇಡಿರಿ. ನಂಬಿಕೆಯ ಒಬ್ಬ ಹಿರಿಯರಿಗೆ ತಿಳಿಸಿರಿ. ನಿಲ್ದಾಣದಲ್ಲಿ ಒಂಟಿ ಮಗುವನ್ನು ಕಂಡರೆ ನೀವೇ ಕರೆದುಕೊಂಡು ಹೋಗದೆ ರೈಲ್ವೆ ಪೊಲೀಸರಿಗೋ 1098 ಕ್ಕೋ ತಿಳಿಸಿರಿ.

ಪಾಲಕರಲ್ಲಿ ನಮ್ಮದೊಂದು ವಿನಂತಿಯಿದೆ. ಫಲಿತಾಂಶದ ದಿನ, ಜಗಳದ ದಿನ, ತಪ್ಪು ಬಯಲಾದ ದಿನ ಮಗುವಿಗೆ ಏನನ್ನಾದರೂ ಹೇಳಿರಿ. "ಮನೆ ಬಿಟ್ಟು ಹೋಗು" ಎಂಬ ಮಾತನ್ನು ಮಾತ್ರ ಹೇಳಬೇಡಿರಿ. ನೀವು ಸಿಟ್ಟಿನಲ್ಲಿ ಆಡಿ ಸಂಜೆಗೆ ಮರೆಯುವಿರಿ. ಮಗುವು ಅದನ್ನು ನಿಜವೆಂದು ನಂಬಿ ಬಾಗಿಲು ದಾಟೀತು, ಆ ಹೊತ್ತಿಗೆ ಗಾಡಿಯೂ ಬಂದು ನಿಂತೀತು. ಮನೆ ಬಿಟ್ಟು ಮರಳಿ ಬಂದ ಮಗುವನ್ನು ಓಣಿಯವರ ಮುಂದೆ ಹಂಗಿಸಬೇಡಿರಿ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಕ್ಕಿಂತ ಮುಂಚೆ "ಉಂಡೀಯೇನು?" ಎಂದು ಕೇಳಿರಿ. ತನ್ನ ತಾಟು ಇನ್ನೂ ಅಡುಗೆಮನೆಯಲ್ಲಿದೆ ಎಂದು ಕಂಡ ಮಗು ಎರಡನೆಯ ಸಲ ಹೋಗುವ ಮುನ್ನ ಹತ್ತು ಸಲ ಯೋಚಿಸುತ್ತದೆ.

ಸೂರು ಕಟ್ಟಲು ಸರಕಾರ ಬೇಕು, ಹಣ ಬೇಕು, ವರ್ಷಗಳು ಬೇಕು. ಅದನ್ನು ಕೇಳುವ ಹಕ್ಕು ನಮಗಿದೆ, ಕೇಳುತ್ತಲೇ ಇರೋಣ. ಬಳಗ ಕಟ್ಟಲು ಮಾತ್ರ ಯಾರ ಮಂಜೂರಿಯೂ ಬೇಕಿಲ್ಲ. ಒಂದು ಬೆಂಚು, ಒಂದು ಬುತ್ತಿ, ಹೆಸರು ಹಿಡಿದು ಕರೆಯುವ ಒಂದು ಬಾಯಿ ಇದ್ದರೆ ಸಾಕು. ನಮ್ಮ ಶಾಲೆಯ ಯಾವ ಮಗುವೂ "ಯಾರ ಪೈಕಿ ನೀ?" ಎಂಬ ಪ್ರಶ್ನೆಗೆ ತಲೆತಗ್ಗಿಸದೆ, "ಈ ಸಾಲಿಯವರ ಪೈಕಿ" ಎಂದು ಹೇಳುವಂತಾಗಲಿ ಎಂದು ಹಾರೈಸುತ್ತೇವೆ.

ವಿಚಾರಕ್ಕಾಗಿ ಪ್ರಶ್ನೆಗಳು

1. ಅನಾಥ, ಪರದೇಶಿ, ಓಣಿಯವರು ಈ ಮೂರು ಶಬ್ದಗಳ ಭಾವದಲ್ಲಿರುವ ವ್ಯತ್ಯಾಸವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.

2. ವಸತಿಗೃಹದಲ್ಲಿ ಅನ್ನ ಬಟ್ಟೆ ಸಿಕ್ಕರೂ ಕೆಲವು ಮಕ್ಕಳು ಬೀದಿಗೆ ಮರಳುವುದೇಕೆ?

3. ಮಕ್ಕಳ ಖಜಾನೆಯಿಂದ ಹಣದ ಹೊರತಾಗಿ ಮಕ್ಕಳಿಗೆ ದೊರೆಯುವ ಲಾಭ ಯಾವುದು?

4. 1098 ಎಂಬ ಸಂಖ್ಯೆಯನ್ನು ಮನೆಯ ಹಿರಿಯರಿಗೂ ನೆರೆಯ ಇಬ್ಬರು ಮಕ್ಕಳಿಗೂ ಕಲಿಸಿರಿ.

5. ನಿಮ್ಮ ವರ್ಗದಲ್ಲಿ ಕಳೆದ ವರ್ಷ ಇದ್ದು ಈ ವರ್ಷ ಬಾರದ ಸಹಪಾಠಿ ಯಾರು? ಅವರ ಮನೆಗೆ ಹೋಗಿ ವಿಚಾರಿಸಿ ಬನ್ನಿರಿ. ಇದಕ್ಕೆ ಅಂಕಗಳಿಲ್ಲ.